ಗ್ರೀಸ್ ಡೈರಿ – 6 : ಬಲಗಡೆ ಸೀಟಲ್ಲಿ ಅಮ್ಮ

ಹೋದ ಪೋಸ್ಟ್ ನೋಡಿ ತುಂಬಾ ಜನ ಕೇಳಿದ್ದು ಒಂದೇ ಪ್ರಶ್ನೆ: "ನಕ್ಸೋಸ್‌ನಲ್ಲಿ ಬಸ್ ಇಲ್ವಾ? ವಯಸ್ಸಾದ ಅಮ್ಮನ್ನ ಕೂರಿಸ್ಕೊಂಡು ಬಾಡಿಗೆ ಕಾರು ಓಡಿಸೋ ಸಾಹಸ ಯಾಕೆ?"

ಬಸ್ ಇದೆ. ಬೆಟ್ಟದ ಹಳ್ಳಿಗಳಿಗೂ ಹೋಗುತ್ತೆ. ಆದ್ರೆ ಬಸ್ ನಿಲ್ಲೋದು ಅದರ ಸ್ಟಾಪಲ್ಲಿ, ಅಮ್ಮ ಕೈ ತೋರಿಸಿದ ಕಡೆ ಅಲ್ಲ. ಈ ಸಲ ನನಗೆ ಬೇಕಾಗಿದ್ದು ಅಮ್ಮ "ನಿಲ್ಸು" ಅಂದಾಗ ನಿಲ್ಲೋ ಗಾಡಿ.

ಮೊದಲು ಕಾಗದ ಪತ್ರದ ಕಥೆ ಮುಗಿಸ್ತೀನಿ. ನಮ್ಮ ಭಾರತದ ಲೈಸೆನ್ಸ್ ಒಂದೇ ಸಾಲಲ್ಲ, ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ನಾನು ಮಾಡಿಸಿದ್ದು ಚಿಕ್ಕಮಗಳೂರು ಆರ್‌ಟಿಒದಲ್ಲಿ. ಶುಲ್ಕ 1000 ರೂಪಾಯಿ, ಒಂದು ವರ್ಷ ನಡೆಯುತ್ತೆ. ಹೊರಡೋಕೆ ಮುಂಚೆ ಊರಲ್ಲೇ ಮಾಡಿಸಿ, ಒರಿಜಿನಲ್ ಲೈಸೆನ್ಸ್ ಕೂಡ ಜೊತೆಗಿರಲಿ. ಅಲ್ಲಿ ಚಿಕ್ಕ ಕಾರುಗಳು ಹೆಚ್ಚಾಗಿ ಮ್ಯಾನುಯಲ್. ಆಟೋಮ್ಯಾಟಿಕ್ ಬೇಕಿದ್ರೆ ಮೊದಲೇ ಬುಕ್ ಮಾಡಿ. ಇನ್ನು ನಾಲ್ಕು ಚಕ್ರದ ಬೈಕು ಬಾಡಿಗೆಗೆ ಎಲ್ಲ ಕಡೆ ಸಿಗುತ್ತೆ. ಅದಕ್ಕೆ ಅಲ್ಲಿಯವರ ಅಡ್ಡಹೆಸರು "ಗುರೂನಾ", ಅಂದ್ರೆ ಹೆಣ್ಣುಹಂದಿ. ಹಂದಿ ಮೇಲೆ ಅಮ್ಮನ್ನ ಕೂರಿಸೋ ಯೋಚನೆ ಅಲ್ಲಿಗೇ ಬಿಟ್ಟೆ.

ಕೀ ಕೊಟ್ಟ ಅಂಗಡಿಯಾತ ನಮ್ಮಿಬ್ಬರನ್ನೂ ನೋಡಿ "ಸಿಗಾ ಸಿಗಾ" ಅಂದ.

ಅಮ್ಮ: "ಏನು ಸಿಗುತ್ತಂತೆ?"

ಏನೂ ಸಿಗಲ್ಲಮ್ಮ, ಗ್ರೀಕ್‌ನಲ್ಲಿ ಹಾಗಂದ್ರೆ "ನಿಧಾನ, ನಿಧಾನ".

ಎರಡನೇ ಫೋಟೋ ನೋಡಿ. ಗ್ರೀಸಲ್ಲಿ ರಸ್ತೆಯ ಬಲಕ್ಕೆ ಓಡಿಸಬೇಕು, ಸ್ಟೀರಿಂಗ್ ಎಡಗಡೆ. ಹಾಗಾಗಿ ಪಕ್ಕದವರ ಸೀಟು ಬಲಕ್ಕೆ. ಅಮ್ಮ ಬಾಗಿಲು ತೆಗೆದವಳು ಒಂದು ಕ್ಷಣ ಹಾಗೇ ನಿಂತಳು. ನಮ್ಮೂರಲ್ಲಿ ಅದು ಡ್ರೈವರ್ ಸೀಟು. ಅಪ್ಪನ ಸೀಟು.

ಅಪ್ಪ ಹೋಗಿ ಮೂರು ವರ್ಷ. ಅವರ ಕಾರು ಮೂಡಿಗೆರೆ ಮನೆಯ ಶೆಡ್ಡಲ್ಲಿ ಟಾರ್ಪಾಲ್ ಹೊದ್ದು ನಿಂತಿದೆ. ಮಾರೋಣ ಅಂದ್ರೆ ಅಮ್ಮ ಮಾತಾಡಲ್ಲ, ಓಡಿಸೋಣ ಅಂದ್ರೂ ಮಾತಾಡಲ್ಲ. ಆವತ್ತಿಂದ ಯಾರ ಕಾರಲ್ಲೂ ಅವಳು ಮುಂದೆ ಕೂತಿಲ್ಲ.

ನಾನು ಏನೂ ಹೇಳಲಿಲ್ಲ. ಅವಳೇ ಸೆರಗು ಒಳಗೆ ಎಳ್ಕೊಂಡು ಕೂತಳು.

ಪೆಡಲ್‌ಗಳು ನಮ್ಮ ಹಾಗೇ ಇವೆ, ಗೇರ್ ಮಾತ್ರ ಬಲಗೈಗೆ. ಇಂಡಿಕೇಟರ್ ಇರೋ ಜಾಗದಲ್ಲಿ ವೈಪರ್! ಮೊದಲ ಮೂರು ತಿರುವಲ್ಲಿ ಮೋಡವಿಲ್ಲದ ಆಕಾಶದ ಕೆಳಗೆ ವೈಪರ್ ಓಡಿತು. ಆದ್ರೆ ನಿಜವಾಗಿ ಕಷ್ಟ ಇದ್ಯಾವುದೂ ಅಲ್ಲ. ವರ್ಷಗಟ್ಟಲೆ ಬಲಕ್ಕೆ ಕೂತು ಓಡಿಸಿದವರು ಎಡಕ್ಕೆ ಕೂತಾಗ ಗಾಡಿ ತಾನಾಗೇ ಬಲಕ್ಕೆ ಸರಿಯುತ್ತೆ. ಆ ಬದಿಗೇ ಕಲ್ಲಿನ ಗೋಡೆ, ಚರಂಡಿ, ಕೆಲವು ಕಡೆ ಪ್ರಪಾತ. ಅದಕ್ಕೇ ಅಮ್ಮನಿಗೆ ಒಂದು ಕೆಲಸ ಕೊಟ್ಟೆ: ಬಲಗಡೆ ಅಂಚು ನೋಡ್ತಾ ಇರೋದು.

"ಗೋಡೆ... ಗೋಡೆ... ಗೋಡೆ ಕಣೇ ಮಾರಾಯ್ತಿ!"

ಇಲ್ಲದ ಬ್ರೇಕನ್ನ ಕಾಲಲ್ಲಿ ಒತ್ತುತ್ತಾನೇ ಹಾಲ್ಕಿ ತನಕ ಬಂದಳು.

ನಕ್ಸೋಸ್ ಸೈಕ್ಲಡೀಸ್ ದ್ವೀಪಗಳಲ್ಲಿ ಎಲ್ಲಕ್ಕಿಂತ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ಬಂದರಿನ ಊರು ಹೋರಾ. ಅಲ್ಲಿಂದ ಒಳಗೆ ಹೋದ್ರೆ ಆಲಿವ್ ತೋಪುಗಳ ನಡುವೆ ಹಾಲ್ಕಿ, ಆಮೇಲೆ ಝಾಸ್ ಬೆಟ್ಟದ ಬುಡದಲ್ಲಿ ಫಿಲೋತಿ, ಅದರಾಚೆ ಅಮೃತಶಿಲೆ ಹಾಸಿದ ಓಣಿಗಳ ಅಪಿರಾಂಥೋಸ್. ಝಾಸ್ ಸಾವಿರ ಮೀಟರ್ ಎತ್ತರದ್ದು, ಅವರ ದೇವರಾಜ ಝ್ಯೂಸ್ ಬೆಳೆದ ಜಾಗ ಅಂತ ಪುರಾಣ. ಎಲ್ಲೂ ನಿಲ್ಲಿಸದೇ ಹೋದ್ರೆ ಗಂಟೆಯೊಳಗೆ ಅಪಿರಾಂಥೋಸ್ ಸೇರಬಹುದು. ನಮಗೆ ನಾಲ್ಕು ಗಂಟೆ ಹಿಡೀತು.

ಫಿಲೋತಿ ದಾಟಿದ ಮೇಲೆ ಅಮ್ಮ ಮೊದಲ ಸಲ "ನಿಲ್ಸು" ಅಂದಳು. ತಿರುವಲ್ಲಿ ಕಂಬದ ಮೇಲೆ ಪುಟ್ಟ ಚರ್ಚಿನ ಆಕಾರದ ಪೆಟ್ಟಿಗೆ, ಗಾಜಿನ ಬಾಗಿಲು, ಒಳಗೆ ಸಂತರ ಚಿತ್ರ, ಎಣ್ಣೆ ದೀಪ (ಐದನೇ ಫೋಟೋ). ಗ್ರೀಸ್ ತುಂಬ ರಸ್ತೆ ಬದಿಯಲ್ಲಿ ಇವು ಕಾಣುತ್ತವೆ. ಅಪಘಾತದಲ್ಲಿ ತೀರಿಕೊಂಡವರ ನೆನಪಿಗೆ ಮನೆಯವರು ಇಟ್ಟಿದ್ದು ಕೆಲವು, ಬದುಕುಳಿದವರು ಕೃತಜ್ಞತೆಗೆ ಇಟ್ಟಿದ್ದು ಕೆಲವು. ಇದು ಯಾವುದು ಅಂತ ನಮಗೆ ತಿಳಿಯಲಿಲ್ಲ.

ಅಮ್ಮ ಇಳಿದು ಕೈಮುಗಿದಳು. "ಚಾರ್ಮಾಡಿ ಅಣ್ಣಪ್ಪಸ್ವಾಮಿ ಹಾಗೇ" ಅಂದಳು.

ಆಮೇಲೆ, ಗಾಡಿ ಹತ್ತದೇ, "ನಿಮ್ಮಪ್ಪ ಇಡೀ ಘಾಟಿಲಿ ಅಲ್ಲೊಂದೇ ಕಡೆ ನಿಲ್ಲಿಸ್ತಿದ್ರು. ಕಾಣಿಕೆ ಹಾಕಿ ಸೀದಾ ಧರ್ಮಸ್ಥಳ. ಮಳೆಗಾಲದಲ್ಲಿ ರಸ್ತೆ ಪಕ್ಕನೇ ಅಷ್ಟು ಜಲಪಾತ ಬೀಳುತ್ತೆ, ಒಂದನ್ನೂ ನಿಂತು ನೋಡಿಲ್ಲ ನಾನು" ಅಂದಳು. ದೂರೋ ದನಿ ಅಲ್ಲ, ಲೆಕ್ಕ ಹೇಳಿದ ಹಾಗಿತ್ತು. ನಲವತ್ತು ವರ್ಷ ಕಿಟಕಿಯಲ್ಲಿ ಓಡಿಹೋದದ್ದರ ಲೆಕ್ಕ.

ಅಲ್ಲಿಂದ ಮುಂದೆ ನಿಂತಿದ್ದು ಇಷ್ಟು: ಮೇಕೆ ಹಿಂಡಿಗೆ ಎರಡು ಸಲ. ಕೆಂಪು ಗಸಗಸೆ ಹೂವಿಗೆ ಒಂದು ಸಲ. ಸುಮ್ಮನೆ ಒಂದು ಸಲ. ಅಪೋಲೊನಾಸ್‌ನಲ್ಲಿ, ಶಿಲ್ಪಿಗಳು ಅರ್ಧಕ್ಕೇ ಬಿಟ್ಟ ಹತ್ತು ಮೀಟರ್ ಉದ್ದದ ಪ್ರತಿಮೆ ಬಂಡೆಯಲ್ಲಿ ಮಲಗಿದೆ. ಅದರ ಹತ್ತಿರ ಅಮ್ಮ ಕೂತೇ ಬಿಟ್ಟಳು.

ಹೋಗೋರಿಗೆ ನಾಲ್ಕು ಮಾತು, ಸೇವ್ ಮಾಡ್ಕೊಳ್ಳಿ:

– ಗಾಡಿ ತಗೊಳ್ಳುವಾಗ ಸುತ್ತ ವಿಡಿಯೋ ಮಾಡಿ, ಟೈರ್ ಸಮೇತ. ಸಾದಾ ಇನ್ಶೂರೆನ್ಸ್‌ನಲ್ಲಿ ಟೈರ್, ಗಾಜು, ಅಡಿಭಾಗ ಸಾಮಾನ್ಯವಾಗಿ ಸೇರಿರಲ್ಲ. ಮಣ್ಣಿನ ರಸ್ತೆಗೆ ಇಳಿಸೋ ಮುಂಚೆ ಕರಾರು ಓದಿ.
– ಎದುರಿನವರು ಹೆಡ್‌ಲೈಟ್ ಮಿಂಚಿಸಿದ್ರೆ "ನೀವು ಹೋಗಿ" ಅಂತಲ್ಲ, "ನಾನು ಬರ್ತಿದ್ದೀನಿ" ಅಂತ. ನಮಗೆ ಗೊತ್ತಿರೋ ಭಾಷೆನೇ.
– ಬೆಟ್ಟಕ್ಕೆ ಹೊರಡೋ ಮುಂಚೆ ಹೋರಾದಲ್ಲೇ ಪೆಟ್ರೋಲ್ ತುಂಬಿಸಿ. ತುರ್ತಿಗೆ 112.
– ಹಿಂದಿನವರು ಅವಸರದಲ್ಲಿದ್ರೆ ಜಾಗ ಇರೋ ಕಡೆ ಬದಿಗೆ ಸರಿದು ಬಿಟ್ಟುಕೊಡಿ. ಸಿಗಾ ಸಿಗಾ.

ಮೂರನೇ ದಿನ ಸಂಜೆ ಕೀ ವಾಪಸ್ ಕೊಟ್ಟು ಬಂದರಿನ ಕಡೆ ನಡೀತಿದ್ವಿ. ಅಮ್ಮ ಕೇಳಿದಳು: "ಅಷ್ಟು ದಿನ ನಿಂತ ಕಾರಿಗೆ ಹೊಸ ಬ್ಯಾಟರಿ ಹಾಕಿಸ್ಬೇಕಾಗುತ್ತೆ, ಅಲ್ವಾ? ಮಳೆ ಹಿಡಿಯೋಕೆ ಇನ್ನೊಂದು ತಿಂಗಳಿದೆ."

#ನಕ್ಸೋಸ್ #ಗ್ರೀಸ್‌ಡೈರಿ #ಅಮ್ಮನಜೊತೆ