ಬಣ್ಣ ಸೋಸಿದ ಮೇಲೆ

ಗ್ವಾದಲಹಾರಾ ಅನ್ನೋ ಊರಿನ ಹೆಸರನ್ನ ನಮ್ಮಪ್ಪ ಇವತ್ತಿಗೂ ಸರಿಯಾಗಿ ಹೇಳಲ್ಲ. 'ಗೋದಾವರಿ' ಅಂತಾನೆ. ಪ್ರಾಜೆಕ್ಟ್ ಕೆಲಸಕ್ಕೆ ಅಂತ ಮೂರು ತಿಂಗಳು ಮೆಕ್ಸಿಕೋದ ಆ ಊರಲ್ಲಿದ್ದೆ. ಹೋದ ಮೊದಲನೇ ವಾರವೇ ರಸ್ತೆ ಪಕ್ಕದ ಹೊಲದ ಫೋಟೋ ಒಂದನ್ನ ವಾಟ್ಸಾಪ್ ಮಾಡಿದ್ದೆ. ಬೂದು ನೀಲಿ ಬಣ್ಣದ ಮುಳ್ಳೆಲೆಯ ಗಿಡಗಳು ಗುಡ್ಡದ ಬುಡದ ತನಕ ಸಾಲು ಹಿಡಿದು ನಿಂತಿದ್ದವು. ತಕ್ಷಣ ಅಪ್ಪನ ಫೋನು.

"ಏನ್ಲಾ ಇದು, ಕತ್ತಾಳೆ ಅಲ್ವೇನ್ಲಾ?"

"ಊಂ ಕಣಪ್ಪ, ಕತ್ತಾಳೆ ಜಾತೀದೇ."

"ಬೇಲಿಗ್ ಹಾಕೋದ ಹೊಲಕ್ ಹಾಕವ್ರಲ್ಲೋ! ಏನ್ ಮಾಡ್ತಾರೆ ಅದ್ರಲ್ಲಿ?"

ಹೆಂಡ ಮಾಡ್ತಾರೆ ಅನ್ನೋಕೆ ಬಾಯಿ ಬರಲಿಲ್ಲ. ನಮ್ಮ ಚಿಕ್ಕಪ್ಪ ಸಾರಾಯಿ ಕುಡಿದೂ ಕುಡಿದೂ ನಲವತ್ತು ದಾಟದೆ ಹೋದವನು. ಅವತ್ತಿಂದ ನಮ್ಮನೇಲಿ ಆ ಮಾತು ಎತ್ತಲ್ಲ. "ಬೆಲ್ಲದ ಥರ ಏನೋ ಕಾಯಿಸ್ತಾರೆ ಕಣಪ್ಪ" ಅಂದುಬಿಟ್ಟೆ.

ಸುಳ್ಳು ಅಂದುಕೊಂಡು ಹೇಳಿದ್ದು ಅರ್ಧ ನಿಜವೇ ಆಗಿತ್ತು. ಗ್ವಾದಲಹಾರಾದಿಂದ ಟೆಕಿಲಾ ಅನ್ನೋ ಊರಿಗೆ ಸುಮಾರು 60 ಕಿಲೋಮೀಟರ್. ಹೌದು, ಟೆಕಿಲಾ ಅನ್ನೋದು ಮೊದಲು ಊರು, ಆಮೇಲೆ ಬಾಟಲಿ. ಒಂದು ಶನಿವಾರ ಆಫೀಸಿನವರು ನನ್ನನ್ನ ಅಲ್ಲಿಗೆ ಕರೆದುಕೊಂಡು ಹೋದರು. ನೀಲಿ ಅಗಾವೆ ಗಿಡ ಬಲಿಯೋಕೆ ಆರೇಳು ವರ್ಷ ಬೇಕು. ಅದನ್ನ ಕಡಿಯೋವನಿಗೆ ಹಿಮಾದೋರ್ ಅಂತಾರೆ. ಉದ್ದ ಕೋಲಿನ ತುದಿಗೆ ದುಂಡನೆ ಅಲಗು ಇರೋ ಆಯುಧದಲ್ಲಿ ಎಲೆಗಳನ್ನೆಲ್ಲಾ ಸವರಿ ಹಾಕಿದರೆ ಉಳಿಯೋದು ದೊಡ್ಡ ಅನಾನಸ್ ಥರದ ಗೆಡ್ಡೆ. ಅದನ್ನ ಇಟ್ಟಿಗೆ ಗೂಡಲ್ಲಿ ದಿನಗಟ್ಟಲೆ ಆವಿಯಲ್ಲಿ ಬೇಯಿಸ್ತಾರೆ. ಬೆಂದ ಗೆಡ್ಡೆಯ ತುಂಡೊಂದನ್ನ ಕೈಗೆ ಕೊಟ್ಟರು. ಕಬ್ಬು ಅಗಿದ ಹಾಗೆ ಅಗಿದು, ರಸ ಹೀರಿ, ನಾರು ಉಗಿದೆ.

ಬಾಯಲ್ಲಿ ಆಲೆಮನೆ!

ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯೋವಾಗ ಬರೋ ಅದೇ ಘಮ. ನಾನು ಮಂಡ್ಯ ಕಡೆಯವನು. ನಮ್ಮಪ್ಪಂದು ಸಣ್ಣ ಆಲೆಮನೆ. ಬಿಇ ಮಾಡಿ, ಬೆಂಗಳೂರಿಗೆ ಬಂದು, 'ಎಂಗೆ'ಯನ್ನ 'ಹೇಗೆ' ಮಾಡಿಕೊಂಡು ಹದಿಮೂರು ವರ್ಷ ಆಗಿದ್ದರೂ ಆ ವಾಸನೆಗೆ ಮೂಗು ಗುರುತು ಮರೆತಿರಲಿಲ್ಲ.

ಮುಂದಿನ ವಾರ ನಮ್ಮ ಟೀಮ್ ಲೀಡ್ ಮನೆಗೆ ಊಟಕ್ಕೆ ಕರೆದರು. ಅವರ ತಾತ ಹಿಮಾದೋರ್ ಆಗಿದ್ದವರಂತೆ. ಊಟಕ್ಕೆ ಮುಂಚೆ ಟೆಕಿಲಾ ರುಚಿ ನೋಡಿ ಮಾರ್ಕ್ಸ್ ಹಾಕೋ ಆಟ. ನಾವಿಲ್ಲಿ ಪಬ್ಬಲ್ಲಿ ಮಾಡ್ತೀವಲ್ಲ, ಉಪ್ಪು ನೆಕ್ಕಿ, ಗಟಕ್ ಅಂತ ಕುಡಿದು, ನಿಂಬೆಹಣ್ಣು ಕಚ್ಚೋದು, ಅದನ್ನ ತೋರಿಸಿದೆ. ಅವರು ನಕ್ಕು, ಉಪ್ಪು ನಿಂಬೆ ಎರಡನ್ನೂ ಅಡುಗೆಮನೆಗೆ ಸಾಗಿಸಿದರು.

ಕ್ರಮ ಹೀಗೆ. ಬಾಯಿ ಕಿರಿದಾದ ಗ್ಲಾಸಲ್ಲಿ ಒಂದೆರಡು ಚಮಚದಷ್ಟು ಮಾತ್ರ. ಮೂಗನ್ನ ಒಳಗೆ ತುರುಕಬಾರದು, ತುರುಕಿದರೆ ಬರೀ ಸ್ಪಿರಿಟ್ ಹೊಡೆಯುತ್ತೆ. ಸ್ವಲ್ಪ ದೂರ ಹಿಡಿದು, ಬಾಯಿ ಅರೆ ತೆರೆದು ಮೂಸಬೇಕು. ಮೊದಲ ಗುಟುಕು ನಾಲಿಗೆ ಒದ್ದೆ ಮಾಡೋಕೆ, ಅದಕ್ಕೆ ಮಾರ್ಕ್ಸ್ ಇಲ್ಲ. ಎರಡನೇ ಗುಟುಕನ್ನ ಬಾಯೆಲ್ಲಾ ಓಡಾಡಿಸಿ ನಿಧಾನ ನುಂಗಬೇಕು. ನುಂಗಿದ ಮೇಲೆ ರುಚಿ ಎಷ್ಟು ಹೊತ್ತು ಉಳಿಯುತ್ತೆ ಅಂತ ನೋಡಬೇಕು.

ಮೂರು ಗ್ಲಾಸ್. ಒಂದು ಬ್ಲಾಂಕೊ, ಅಂದರೆ ಪೀಪಾಯಿ ಕಾಣದ ನೀರಿನ ಬಣ್ಣದ ಹಸಿ ಟೆಕಿಲಾ. ಮೆಣಸಿನ ಖಾರ, ಹುಳಿಹಣ್ಣಿನ ವಾಸನೆ, ಹಿಂದೆ ಆ ಬೆಂದ ಗೆಡ್ಡೆ. ಎರಡನೇದು ಅನ್ಯೇಹೊ, ಓಕ್ ಮರದ ಪೀಪಾಯಲ್ಲಿ ಕಮ್ಮಿ ಅಂದರೂ ಒಂದು ವರ್ಷ ಕೂತಿದ್ದು. ಜೇನಿನ ಬಣ್ಣ. ಮರ, ವೆನಿಲಾ, ಸುಟ್ಟ ಸಕ್ಕರೆ, ಕೊನೆಗೆ ಚೂರು ಒಗರು. ಮೂರನೇದು ಮತ್ತೆ ನೀರಿನ ಹಾಗೆ ಫಳಫಳ. ಇನ್ನೊಂದು ಬ್ಲಾಂಕೊ ಇರಬೇಕು ಅಂತ ಬಾಯಿಗಿಟ್ಟೆ. ಖಾರ ಇಲ್ಲ, ಒಗರಿಲ್ಲ. ಬೆಣ್ಣೆ ಥರ ಇಳಿದು ಹೋಯ್ತು. ವೆನಿಲಾ ಐಸ್‌ಕ್ರೀಮಿನ ಸಿಹಿ. ಹತ್ತಕ್ಕೆ ಒಂಬತ್ತು ಕೊಟ್ಟೆ. ಅನ್ಯೇಹೊಗೆ ಆರು.

"ಎರಡೂ ಒಂದೇ" ಅಂದರು ಅವರು.

ಅದು ಕ್ರಿಸ್ತಾಲಿನೊ. ಪೀಪಾಯಲ್ಲಿ ಹಳೆಯದಾಗಿ ಬಣ್ಣ ಕಟ್ಟಿದ ಟೆಕಿಲಾವನ್ನ ಸಕ್ರಿಯ ಇದ್ದಿಲಿನಲ್ಲಿ ಸೋಸಿ, ಬಣ್ಣ ತೆಗೆದು ಮತ್ತೆ ಬೆಳ್ಳಗೆ ಮಾಡಿದ್ದು. ನಮ್ಮನೆ ವಾಟರ್ ಫಿಲ್ಟರಲ್ಲಿ ಇರೋದೂ ಅದೇ ಇದ್ದಿಲು. ಅದರ ಮೈತುಂಬಾ ಕಣ್ಣಿಗೆ ಕಾಣದ ತೂತುಗಳು, ಬಣ್ಣದ ಕಣಗಳು ಬಂದು ಅಲ್ಲಿ ಅಂಟಿಕೊಳ್ತವೆ. ಆದರೆ ಬಣ್ಣ ಯಾವುದು, ರುಚಿ ಯಾವುದು ಅಂತ ಇದ್ದಿಲಿಗೆ ಗೊತ್ತಾಗಲ್ಲ. ಸ್ವಲ್ಪ ಅಗಲವಾಗಿ ಬರೆದ ರೆಜೆಕ್ಸ್ ಥರ, ಬೇಡದ್ದರ ಜೊತೆ ಬೇಕಾದ್ದನ್ನೂ ಎತ್ತಿಕೊಂಡು ಹೋಗುತ್ತೆ. ಮೊದಲು ಒಗರು ಹೋಗುತ್ತೆ, ಅದರ ಜೊತೆ ಮರವೂ ಗೆಡ್ಡೆಯೂ ಒಂದಷ್ಟು ಹೋಗುತ್ತೆ. ಪೀಪಾಯಿ ಟೆಕಿಲಾಗೆ ಸಕ್ಕರೆ ಪಾಕ, ಗ್ಲಿಸರಿನ್, ಓಕ್ ಸಾರ, ಕ್ಯಾರಮೆಲ್ ಬಣ್ಣ ಇವನ್ನ 1% ತನಕ ಸೇರಿಸೋಕೆ ಅಲ್ಲಿನ ನಿಯಮದಲ್ಲೇ ಅವಕಾಶ ಇದೆ. ಹಾಗಾಗಿ ಕೆಲವರು ಸೋಸಿದ ಮೇಲೆ ಹೋದ ಸಿಹಿಯನ್ನ ಮತ್ತೆ ತುಂಬ್ತಾರೆ ಅನ್ನೋದು ಹಳೇ ಕುಡಿಯೋರ ದೂರು. ಎಲ್ಲರೂ ತುಂಬಲ್ಲ. ನುಣುಪಾಗಿ ಇಳಿಯೋದು ಬೇಕಾದವರಿಗೆ ಇದೇ ಇಷ್ಟ, ಅದೂ ತಪ್ಪಲ್ಲ.

ಇದು ಹೊಸ ಕಾಲದ ಸರಕು. ಮಾಯೆಸ್ಟ್ರೋ ದೊಬೆಲ್ ಅನ್ನೋ ಬ್ರ್ಯಾಂಡು 2008ರ ಸುಮಾರಿಗೆ ಇಂಥದ್ದನ್ನ ಮಾರುಕಟ್ಟೆಗೆ ತಂತು. ಆಮೇಲೆ ಡಾನ್ ಹೂಲಿಯೊ ಕಂಪನಿ ತನ್ನ ಎಪ್ಪತ್ತನೇ ವರ್ಷಕ್ಕೆ ಅಂತ '70' ಹೆಸರಲ್ಲೊಂದು ತಂತು.

2008 ಅಂದಾಗ ಗ್ಲಾಸ್ ಕೆಳಗಿಟ್ಟೆ.

ಆ ವರ್ಷ ನಾನು ಎರಡನೇ ವರ್ಷದ ಬಿಇ. ಫೀಸ್ ಕಟ್ಟೋಕೆ ಹದಿನೈದು ದಿನ ಬಾಕಿ. ಅಪ್ಪ ಗಾಡಿ ತುಂಬಾ ಬೆಲ್ಲ ಮಂಡಿಗೆ ಹಾಕಿ ಬಂದಿದ್ದ. ನಮ್ಮದು ಕಂದು ಬೆಲ್ಲ. ಅಪ್ಪ ಬೆಂಡೆ ಗಿಡದ ಲೋಳೆ, ಚೂರು ಸುಣ್ಣ ಬಿಟ್ಟು ಇನ್ನೇನೂ ಹಾಕ್ತಿರಲಿಲ್ಲ. ಪಕ್ಕದ ಆಲೆಮನೆಯವರು ಹೈಡ್ರೋಸ್ ಪುಡಿ ಹಾಕಿ ಹಳದಿ ಬಿಳುಪಿನ ಬೆಲ್ಲ ತೆಗೀತಿದ್ರು. ಕೊಳ್ಳೋರು ಕಣ್ಣಲ್ಲಿ ನೋಡಿಯೇ ರೇಟು ಹೇಳೋರು, ಬಾಯಿಗೆ ಹಾಕ್ತಾನೇ ಇರಲಿಲ್ಲ. ನಮ್ಮದಕ್ಕೆ ಕಮ್ಮಿ ಬಿತ್ತು. ಫೀಸಿಗೆ ಸಾಲಲ್ಲ.

ಅವತ್ತು ರಾತ್ರಿ ನಾನೇ ಅಪ್ಪನಿಗೆ ಪಾಠ ಮಾಡಿದೆ. ಸೋಡಿಯಂ ಹೈಡ್ರೋಸಲ್ಫೈಟ್, ರಿಡಕ್ಷನ್, ಅದು ಇದು. "ಬಣ್ಣ ಒಂದೇ ಹೋಗೋದು ಕಣಪ್ಪ, ರುಚಿ ಎಲ್ಲೂ ಹೋಗಲ್ಲ. ಎಲ್ರೂ ಹಾಕ್ತವ್ರೆ, ನೀನೊಬ್ಬ ಹಾಕ್ದೇ ಇದ್ರೆ ಏನ್ ಬಂತು?" ಅಪ್ಪ ಮಾತಾಡಲಿಲ್ಲ. ಮುಂದಿನ ಅಡುಗೆಗೆ ಪುಡಿ ಬಿತ್ತು. ಬೆಲ್ಲ ಬೆಳ್ಳಗಾಯ್ತು, ಫೀಸ್ ಕಟ್ಟಿದೆ. ಅವತ್ತಿಂದ ಪ್ರತಿ ವರ್ಷ ಅಪ್ಪ ಮನೆಗೆ ಅಂತ ಒಂದು ಕೊಪ್ಪರಿಗೆ ಬೇರೆ ಇಳಿಸ್ತಾನೆ. ಅದಕ್ಕೆ ಪುಡಿ ಹಾಕಲ್ಲ. ಮಂಡಿಗೆ ಹೋಗೋ ಬೆಲ್ಲವನ್ನ ಅವನು ಒಂದು ಸಲವೂ ಬಾಯಿಗೆ ಹಾಕಿದ್ದು ನಾನು ನೋಡಿಲ್ಲ. ಇನ್ನೂ ತಮಾಷೆ ಅಂದರೆ ಹೈಡ್ರೋಸ್ ಹಾಕಿದ ಬೆಲ್ಲ ಇಟ್ಟಷ್ಟೂ ಮತ್ತೆ ಕಪ್ಪಾಗುತ್ತೆ. ಅಷ್ಟರಲ್ಲಿ ಮಾರಾಟ ಆಗಿರುತ್ತೆ, ಅಷ್ಟೇ.

ಎರಡನೇ ಸುತ್ತು. ಈ ಸಲ ಕಣ್ಣಿಗೆ ಬಟ್ಟೆ ಕಟ್ಟಿದರು. ಅನ್ಯೇಹೊ, ಕ್ರಿಸ್ತಾಲಿನೊ ಎರಡನ್ನೂ ಹಿಂದೆ ಮುಂದೆ ಮಾಡಿ ಕೊಟ್ಟರು. ಒಂದು ಹನಿ ಅಂಗೈಗೆ ಹಾಕಿಕೊಂಡು ಉಜ್ಜಿ ಮೂಸಿದೆ. ಅಪ್ಪ ಪಾಕದ ಹದ ನೋಡೋಕೆ ನೀರಿಗೆ ಬಿಟ್ಟು ಬೆರಳಲ್ಲಿ ಉರುಳಿಸ್ತಾನಲ್ಲ, ಹಂಗೆ. ನುಂಗಿದ ಮೇಲೆ ಮನಸ್ಸಲ್ಲೇ ಎಣಿಸಿದೆ. ಒಂದು ಹತ್ತು ಎಣಿಸೋದರೊಳಗೆ ಮಾಯ. ಇನ್ನೊಂದು ಮೂವತ್ತು ದಾಟಿದರೂ ಗಂಟಲಲ್ಲಿ ಕೂತಿತ್ತು. ಮೊದಲ ಸುತ್ತಲ್ಲಿ ಒಗರು ಅಂತ ನಾಲ್ಕು ಮಾರ್ಕ್ಸ್ ಕಿತ್ತಿದ್ದೆನಲ್ಲ, ಆ ಒಗರಿನ ಹಿಂದೆಯೇ ಆಲೆಮನೆ ಇತ್ತು. ಹೊಸ ಮಾರ್ಕ್ಸ್: ಅನ್ಯೇಹೊ ಎಂಟು, ಕ್ರಿಸ್ತಾಲಿನೊ ಏಳು. ಏಳು ಯಾಕೆ ಅಂದರೆ ನುಣುಪು ನಿಜವಾಗ್ಲೂ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಊಟ ಆದ ಮೇಲೆ ಟೀಮ್ ಲೀಡ್ ಖಾಲಿ ಗ್ಲಾಸ್‌ಗಳನ್ನ ಮತ್ತೆ ಮುಂದಿಟ್ಟರು. ಒಣಗಿದ ಗ್ಲಾಸನ್ನ ಮೂಸೋದೂ ಪರೀಕ್ಷೆಯ ಒಂದು ಭಾಗ. ಕ್ರಿಸ್ತಾಲಿನೊ ಗ್ಲಾಸಲ್ಲಿ ತೆಳ್ಳಗೆ ವೆನಿಲಾ ಬಿಟ್ಟು ಇನ್ನೇನೂ ಇರಲಿಲ್ಲ. ಅನ್ಯೇಹೊ ಗ್ಲಾಸನ್ನ ಮೂಗಿಗೆ ಹಿಡಿದವನು ತುಂಬಾ ಹೊತ್ತು ಕೆಳಗಿಡಲಿಲ್ಲ.

ರೂಮಿಗೆ ಬಂದು ಫೋನ್ ಮಾಡಿದೆ. ಅಲ್ಲಿ ರಾತ್ರಿ ಹನ್ನೊಂದು, ಊರಲ್ಲಿ ಬೆಳಿಗ್ಗೆ ಹತ್ತೂವರೆ. ಗಾಣದ ಸದ್ದು ಕೇಳ್ತಿತ್ತು.

"ಅಪ್ಪ, ಆ ಕತ್ತಾಳೇಲಿ ಬೆಲ್ಲ ಅಲ್ಲ, ಹೆಂಡ ಮಾಡೋದು."

"ಗೊತ್ತು ಕಣ್ಲಾ. ಮೊಬೈಲಲ್ ನೋಡ್ದೆ. ಕುಡದ್ಯಾ?"

"ಒಸಿ."

ಬೈತಾನೆ ಅಂತ ಕಾದೆ. ಬೈಲಿಲ್ಲ. ಧೈರ್ಯ ಮಾಡಿ ಬಣ್ಣ ಸೋಸೋ ಕಥೆಯೆಲ್ಲಾ ಹೇಳಿದೆ. ಕೇಳಿಸಿಕೊಂಡು ಅಂದ, "ಅಂಗಾರೆ ಅಲ್ಲೂ ಮಾರಕ್ ಬಿಳೀದು, ಮನೇಗ್ ಕರೀದು ಅನ್ನು."

"ಅಪ್ಪ, ಈ ಸಲ ಹೈಡ್ರೋಸ್ ಹಾಕ್ಬೇಡ."

"ಕಮ್ಮಿಗ್ ಓದ್ರೆ?"

"ಎಷ್ಟ್ ಕಮ್ಮಿ ಆಯ್ತದೋ ನಾನ್ ತುಂಬ್ಕೊಡ್ತೀನಿ."

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅವತ್ತೇ ನಂಗೂ ಇಷ್ಟ ಇರ್ನಿಲ್ಲ ಕಣ್ ಮಗ" ಅಂದ. ಅಷ್ಟೇ. ಕೊಪ್ಪರಿಗೆ ಇಳಿಸ್ಬೇಕು ಅಂತ ಫೋನ್ ಇಟ್ಟ.

ಆ ಸಲ ಹಾಕಲಿಲ್ಲ. ಮಂಡೀಲಿ ಕಮ್ಮಿಗೇ ಹೋಯ್ತು. ಲೆಕ್ಕ ಹಾಕಿ ದುಡ್ಡು ಕಳಿಸಿದೆ. ಅಮ್ಮ ಹೇಳ್ತಾಳೆ, ಅಪ್ಪ ಅದನ್ನ ಇನ್ನೂ ಬ್ಯಾಂಕಿಂದ ತೆಗೆದಿಲ್ವಂತೆ.