ಪಂಪ್ ಅವರದು, ಪ್ಯಾಚ್ ನಮ್ಮದು

ಅವತ್ತು ಭಾನುವಾರ. ಬೆಳಗಿನ ಜಾವ ನಾವು ನಾಲ್ವರು ನಂದಿಬೆಟ್ಟಕ್ಕೆ ಸೈಕಲ್ ತುಳಿಯುತ್ತಿದ್ದೆವು. ದೇವನಹಳ್ಳಿ ದಾಟಿದ ಮೇಲೆ ರಸ್ತೆ ಬದಿ ಒಬ್ಬರು ಸೈಕಲ್ ಮಲಗಿಸಿಕೊಂಡು ಕೈ ಬೀಸಿದರು. ಸೂರ್ಯೋದಯ ತಪ್ಪಿಹೋಗುತ್ತೆ ಅಂತ ನಾವು ನಿಲ್ಲಲಿಲ್ಲ. ಮೇಲೆ ಹೋದರೆ ಬರೀ ಮಂಜು!

ವಾಪಸ್ ಬರುವಾಗ ನಮ್ಮದೇ ಒಂದು ಸೈಕಲ್ಲಿನ ಹಿಂದಿನ ಚಕ್ರ ಪುಸ್ ಅಂತು. ಬ್ಯಾಗಲ್ಲಿ ಟ್ಯೂಬ್ ಇತ್ತು, ಪ್ಯಾಚ್ ಇತ್ತು. ಪಂಪ್ ಮಾತ್ರ ರೂಮಲ್ಲಿ. ತಳ್ಳಿಕೊಂಡು ಬಂದರೆ ಅವರು ಇನ್ನೂ ಅಲ್ಲೇ ಕೂತಿದ್ದಾರೆ. ಪಂಕ್ಚರ್ ಅಂಗಡಿ ತೆರೆದಿರಲಿಲ್ಲ. ಅವರ ಹತ್ತಿರ ಪಂಪ್ ಇತ್ತು, ಪ್ಯಾಚ್ ಮುಗಿದಿತ್ತು.

ನಾವು ತಲೆ ತಗ್ಗಿಸಿ ನಿಂತೆವು. "ಬನ್ನಿ, ಮೊದಲು ನಿಮ್ಮದು ನೋಡೋಣ" ಅಂದರು, ಅಷ್ಟೇ. ಟೈರ್ ಒಳಗೆ ನಿಧಾನಕ್ಕೆ ಬೆರಳಾಡಿಸಿ ಮುಳ್ಳು ತೆಗೆಯಬೇಕು, ಇಲ್ಲದಿದ್ರೆ ಹೊಸ ಟ್ಯೂಬೂ ಹೋಗುತ್ತೆ. ಸಲ್ಯೂಷನ್ ಹಚ್ಚಿ 5 ನಿಮಿಷ ಒಣಗಲು ಬಿಟ್ಟು ಆಮೇಲೆ ಪ್ಯಾಚ್ ಒತ್ತಬೇಕು. ಎಲ್ಲ ಅವರೇ ಹೇಳಿಕೊಟ್ಟರು.

ಈಗ ಸೀಟಿನ ಕೆಳಗಿನ ಚೀಲದಲ್ಲಿ ಟ್ಯೂಬ್, ಪ್ಯಾಚ್, ಟೈರ್ ಲಿವರ್ ಇರುತ್ತೆ. ಫ್ರೇಮಿಗೆ ಪಂಪ್ ಕಟ್ಟಿರುತ್ತೆ. ಯಾರಾದರೂ ನಿಂತಿದ್ದರೆ ನಾವೂ ನಿಲ್ಲುತ್ತೇವೆ: "ಏನಾದ್ರೂ ಬೇಕಿತ್ತಾ?"