ಮನೆಯಲ್ಲಿಯ ಉದ್ಯೋಗ

ದೂರವಾಣಿಯ ಮೇಲೆ ಗಿರಾಕಿಗಳ ಅಹವಾಲುಗಳಿಗೆ ಉತ್ತರ ಕೊಡುವ ಉದ್ಯೋಗವನ್ನು ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಮಾಡಿದರೆ ಕೆಲಸವು ಹೆಚ್ಚುವದೋ ಕುಗ್ಗುವದೋ ಎಂದು ತಾಯಿತಂದೆಗಳು ನಮ್ಮನ್ನು ಕೇಳುವದುಂಟು. ನಮ್ಮ ಅನುಭವವನ್ನು ಇಲ್ಲಿ ಅರಿಕೆ ಮಾಡಿಕೊಳ್ಳುವೆವು.

೨೦೨೦ನೆಯ ಇಸವಿ ಮಾರ್ಚ ೨೫ರಂದು ದೇಶವೆಲ್ಲ ಬಾಗಿಲಿಕ್ಕಿತಷ್ಟೆ. ಅದಕ್ಕೆ ಕೆಲವು ದಿನ ಮುಂಚೆ ನಾವು ಬೆಂಗಳೂರನ್ನು ಬಿಟ್ಟು ಬೇಲೆಕೇರಿಯ ತವರುಮನೆಯನ್ನು ಸೇರಿದ್ದೆವು. ಮೊದಲು ಎಲ್ಲವೂ ಸುಖವಾಗಿ ತೋರಿತು. ಬಸ್ಸಿನ ನೂಕುನುಗ್ಗಲಿಲ್ಲ, ಅಕ್ಕಪಕ್ಕದವರ ಗದ್ದಲವಿಲ್ಲ, ಕಚೇರಿಯಲ್ಲಿದ್ದುದಕ್ಕಿಂತ ಹೆಚ್ಚು ಮಂದಿಗೆ ಉತ್ತರ ಕೊಡುತ್ತಿದ್ದೆವು.

ಮಳೆಗಾಲವು ಬಂದೊಡನೆ ಸ್ಥಿತಿಯು ಬದಲಾಯಿತು. ಒಂದು ದಿನ ಒಬ್ಬ ವೃದ್ಧರು ತಮ್ಮ ಬ್ಯಾಂಕಿನ ಕಾರ್ಡು ಕಳೆದುಹೋಗಿದೆ, ಅದನ್ನು ಕೂಡಲೇ ನಿಲ್ಲಿಸಿರೆಂದು ನಡುಗುವ ದನಿಯಿಂದ ಬೇಡುತ್ತಿರುವಾಗಲೇ ಕಡಲಗಾಳಿಗೆ ವಿದ್ಯುತ್ತು ಹೋಯಿತು. ಮಾತು ಅರ್ಧಕ್ಕೆ ಕಡಿಯಿತು. ಅವರ ಹಣವು ಉಳಿಯಿತೋ ಇಲ್ಲವೋ, ನಾವು ಇಂದಿಗೂ ಅರಿಯೆವು. ಮನೆಯವರಿಗಾದರೋ ನಾವು ಮನೆಯಲ್ಲಿಯೇ ಇರುವವರು. ಒಲೆಯ ಮೇಲಿನ ಸಾರನ್ನು ನೋಡು, ಮೀನಿನವಳು ಬಂದಿದ್ದಾಳೆ, ಎಂದು ಕರೆಯುತ್ತಲೇ ಇದ್ದರು. ಮಾರ್ಥಳ ಅವಸ್ಥೆಯು ನಮ್ಮದಾಯಿತು.

ಚೀನಾ ದೇಶದ ಸೀಟ್ರಿಪ್ ಎಂಬ ಪ್ರವಾಸದ ಕಂಪನಿಯಲ್ಲಿ ನಿಕೋಲಸ್ ಬ್ಲೂಮ್ ಮೊದಲಾದ ಪಂಡಿತರು ೨೦೧೦ರ ಕೊನೆಯಿಂದ ಒಂಬತ್ತು ತಿಂಗಳು ಇದನ್ನೇ ಪರೀಕ್ಷಿಸಿದರು. ಮನೆಯಲ್ಲಿ ಕುಳಿತು ಕರೆಗಳಿಗೆ ಉತ್ತರಿಸಿದವರ ಕೆಲಸವು ನೂರಕ್ಕೆ ೧೩ರಷ್ಟು ಹೆಚ್ಚಿತು. ವಿರಾಮಗಳೂ ಜಡ್ಡಿನ ರಜೆಗಳೂ ಕಡಿಮೆಯಾದದ್ದು ಮುಖ್ಯ ಕಾರಣ, ನಿಶ್ಶಬ್ದತೆಯು ಇನ್ನೊಂದು. ಆದರೆ ಆ ಕೆಲಸಕ್ಕೆ ಪ್ರತ್ಯೇಕ ಕೋಣೆಯುಳ್ಳವರನ್ನೇ ಆರಿಸಿಕೊಂಡಿದ್ದರು. ಹೀಗಿದ್ದೂ ಪರೀಕ್ಷೆಯು ಮುಗಿದ ಮೇಲೆ ಸುಮಾರು ಅರ್ಧ ಮಂದಿ ಒಂಟಿತನವನ್ನು ತಾಳಲಾರದೆ ಕಚೇರಿಗೆ ಮರಳಿದರು. ೨೦೨೩ರಲ್ಲಿ ಪ್ರಕಟವಾದ ಚೆನ್ನೈ ಪಟ್ಟಣದ ಪರೀಕ್ಷೆಯ ಫಲವು ಬೇರೆ. ಅಲ್ಲಿ ಗಣಕಯಂತ್ರದಲ್ಲಿ ಅಂಕಿಅಂಶ ತುಂಬುವವರು ಮನೆಯಲ್ಲಿ ನೂರಕ್ಕೆ ೧೮ರಷ್ಟು ಕಡಿಮೆ ಕೆಲಸ ಮಾಡಿದರು. ಮನೆಯನ್ನೇ ಬಯಸಿದವರಲ್ಲಿ ಈ ಕೊರತೆಯು ಇನ್ನೂ ಹೆಚ್ಚು. ಮನೆಯ ಭಾರವುಳ್ಳವರೇ ಮನೆಯನ್ನು ಬಯಸುವರೆಂಬದು ನಮಗೆ ಆಶ್ಚರ್ಯವಲ್ಲ.

ಆದಕಾರಣ ಮನೆಯು ತಾನಾಗಿ ಕೆಲಸವನ್ನು ಹೆಚ್ಚಿಸುವದೂ ಇಲ್ಲ, ಕೆಡಿಸುವದೂ ಇಲ್ಲ. ನಮ್ಮ ತಂದೆಯವರು ಕೊನೆಗೆ ಅಕ್ಕಿಯ ಮೂಟೆಗಳನ್ನು ತೆಗೆಯಿಸಿ ಹಿಂದಿನ ಕೋಣೆಯನ್ನು ನಮಗೆ ಬಿಟ್ಟುಕೊಟ್ಟರು. ಕರೆಂಟು ಹೋದಾಗ ನಡೆಯುವ ಬ್ಯಾಟರಿಯನ್ನೂ ತಂದಿಟ್ಟರು. ಅಂದಿನಿಂದ ನಮ್ಮ ಕೆಲಸವು ನೆಟ್ಟಗಾಯಿತು. ತಾಯಿತಂದೆಗಳಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಮಗಳು ಮನೆಯಲ್ಲಿದ್ದಾಳೆಂದು ಆಕೆಯನ್ನು ಬಿಡುವಾಗಿರುವವಳೆಂದು ಎಣಿಸಬೇಡಿರಿ. ಆಕೆಗೊಂದು ಕೋಣೆಯನ್ನು ಕೊಡಿರಿ. ಅದರ ಬಾಗಿಲು ಮುಚ್ಚಿರುವಾಗ ಕರೆಯಬೇಡಿರಿ.